942 ಡಾಲರ್ 50 ಸೆಂಟಿನ ಶಾಲೆ: ದುಡ್ಡು ಹಾಕಿದ್ದು ಯಾರು?

ಈ ವಾರ ನೇರವಾಗಿ ಒಂದು ಲೆಕ್ಕದಿಂದ ಶುರು ಮಾಡ್ತೀನಿ. 1913ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಲೋಚಪೋಕ ಅನ್ನೋ ಹಳ್ಳಿಯಲ್ಲಿ ಕಪ್ಪು ಜನರ ಮಕ್ಕಳಿಗೆ ಒಂದು ಚಿಕ್ಕ ಶಾಲೆ ಕಟ್ಟಿದರು. ಒಟ್ಟು ಖರ್ಚು 942 ಡಾಲರ್ 50 ಸೆಂಟ್. ಅದರಲ್ಲಿ ಶಿಕಾಗೋದ ಒಬ್ಬ ಶ್ರೀಮಂತ ವ್ಯಾಪಾರಿ ಕೊಟ್ಟಿದ್ದು 300. ಅಲ್ಲಿನ ಬಿಳಿಯರು ಕೊಟ್ಟಿದ್ದು 360. ಕಪ್ಪು ಜನ ಜಾಗ ಕೊಳ್ಳೋದಕ್ಕೆ 150 ಡಾಲರ್ ನಗದು ಒಟ್ಟು ಮಾಡಿದರು. ಉಳಿದ 132 ಡಾಲರ್ 50 ಸೆಂಟ್ ಅವರ ಮೈಬೆವರು. ಅಂದ್ರೆ ಕೂಲಿ ತಗೊಳ್ಳದೆ ದುಡಿದ ಕೆಲಸದ ಬೆಲೆ.

ನಾನು ಓದಿದ್ದು ಬಿಕಾಂ. ಜಮಾ-ಖರ್ಚಿನ ಪುಟ ನೋಡಿದ್ರೆ ಸಾಮಾನ್ಯವಾಗಿ ಆಕಳಿಕೆ ಬರುತ್ತೆ. ಈ ಪುಟ ಮಾತ್ರ ನನ್ನನ್ನ ಹಿಡಿದು ಕೂರಿಸಿತು. ಶ್ರಮದಾನಕ್ಕೂ ಐವತ್ತು ಸೆಂಟಿನ ತನಕ ಬೆಲೆ ಕಟ್ಟಿ ಜಮಾ ಬದಿಯಲ್ಲಿ ಬರೆದಿಟ್ಟಿದ್ದಾರೆ. ಇದು ನಮ್ಮದು, ನಾವೂ ಹಾಕಿದ್ದೀವಿ ಅಂತ ಹೇಳೋ ಅಂಕಿ ಅದು. ಆ ಅಂಕಿ ಅಲ್ಲಿಗೆ ಬರೋದಕ್ಕೆ ಮೂವತ್ತೆರಡು ವರ್ಷ ಹಿಡೀತು. ಆ ಕಥೆಯಲ್ಲಿ ಒಬ್ಬ ಹಳ್ಳಿ ಮೇಷ್ಟ್ರು ಇದ್ದಾರೆ.

ಮೇಷ್ಟ್ರ ಹೆಸರು ಬೂಕರ್ ಟಿ. ವಾಷಿಂಗ್ಟನ್. ಹುಟ್ಟಿದ್ದು ಗುಲಾಮನಾಗಿ. 1881ರ ಜೂನ್‌ನಲ್ಲಿ ಅಲಬಾಮಾದ ಟಸ್ಕೀಗೀ ಅನ್ನೋ ಪುಟ್ಟ ಊರಿಗೆ ಬಂದು ಇಳಿದಾಗ ವಯಸ್ಸು 25. ಶಿಕ್ಷಕರನ್ನ ತಯಾರು ಮಾಡೋ ಶಾಲೆ ನಡೆಸಬೇಕು ಅಂತ ಕರೆಸಿದ್ದರು. ಬಂದು ನೋಡಿದ್ರೆ ಶಾಲೆಯೇ ಇಲ್ಲ! ಕಟ್ಟಡ ಇಲ್ಲ, ಜಾಗ ಇಲ್ಲ, ಬೆಂಚಿಲ್ಲ. ಇದ್ದಿದ್ದು ಒಂದೇ, ವರ್ಷಕ್ಕೆ 2,000 ಡಾಲರ್ ಕೊಡ್ತೀವಿ ಅನ್ನೋ ಸರ್ಕಾರದ ಮಂಜೂರಾತಿ. ಅದರ ಜೊತೆಗೊಂದು ಷರತ್ತು: ಈ ಹಣ ಮೇಷ್ಟ್ರುಗಳ ಸಂಬಳಕ್ಕೆ ಮಾತ್ರ. ಇಟ್ಟಿಗೆಗಿಲ್ಲ, ನೆಲಕ್ಕಿಲ್ಲ, ಪುಸ್ತಕಕ್ಕಿಲ್ಲ.

ಆ ಎರಡು ಸಾವಿರ ಹುಟ್ಟಿದ ಬಗೆಯನ್ನ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬೇಕಾಗುತ್ತೆ. 1880ರ ಚುನಾವಣೆ. ಡಬ್ಲ್ಯು.ಎಫ್. ಫಾಸ್ಟರ್ ಅಂತ ಒಬ್ಬ ಬಿಳಿ ರಾಜಕಾರಣಿ ರಾಜ್ಯದ ಸೆನೆಟ್‌ಗೆ ನಿಂತಿದ್ದ. ಗುಲಾಮಗಿರಿ ಉಳಿಸೋಕೆ ನಡೆದ ಯುದ್ಧದಲ್ಲಿ ದಕ್ಷಿಣದವರ ಕಡೆಯಿಂದ ಕರ್ನಲ್ ಆಗಿದ್ದವನು. ಆದರೆ ಆ ಸೀಮೆಯಲ್ಲಿ ಕಪ್ಪು ಜನರ ಓಟು ಜಾಸ್ತಿ. ಲೂಯಿಸ್ ಆಡಮ್ಸ್ ಅನ್ನೋ ತಗಡಿನ ಕೆಲಸಗಾರನ ಹತ್ತಿರ ಬಂದ. ಆಡಮ್ಸ್ ಹಿಂದೆ ಗುಲಾಮನಾಗಿದ್ದವನು, ಅವನ ಮಾತಿಗೆ ಜನರಲ್ಲಿ ತೂಕ ಇತ್ತು. ಓಟು ಹಾಕಿಸಿದರೆ ನಿನಗೇನು ಬೇಕು ಅಂತ ಫಾಸ್ಟರ್ ಕೇಳಿದ. ಆಡಮ್ಸ್ ತನಗೇನೂ ಕೇಳಲಿಲ್ಲ, ಒಂದು ಶಾಲೆ ಕೇಳಿದ. ಫಾಸ್ಟರ್ ಗೆದ್ದ, ಮಾತು ಉಳಿಸಿಕೊಂಡ. ಓಟಿಗೆ ಸೀರೆ, ಕುಕ್ಕರ್ ಹಂಚೋ ಸುದ್ದಿ ಕೇಳಿ ಬೆಳೆದ ನಮಗೆ ಇದು ಬೇರೆಯದೇ ತರಹದ ವ್ಯವಹಾರ ಅನ್ನಿಸುತ್ತೆ, ಅಲ್ವಾ?

ಸರಿ, ಮೇಷ್ಟ್ರ ಕಡೆ ಬರೋಣ. ಚರ್ಚಿನ ಹತ್ತಿರದ ಒಂದು ಹಳೇ ಗುಡಿಸಲಲ್ಲಿ 1881ರ ಜುಲೈ 4ಕ್ಕೆ ಪಾಠ ಶುರುವಾಯಿತು, ಮೂವತ್ತು ವಿದ್ಯಾರ್ಥಿಗಳು. ಮಳೆ ಬಂದ್ರೆ ಒಬ್ಬ ಹುಡುಗ ಓದು ಬಿಟ್ಟು ಎದ್ದು ಬಂದು ಮೇಷ್ಟ್ರ ತಲೆ ಮೇಲೆ ಕೊಡೆ ಹಿಡಿದು ನಿಲ್ಲಬೇಕಿತ್ತು. ಬಾಡಿಗೆ ಮನೆಯಲ್ಲೂ ಅದೇ ಪಾಡು, ಮನೆಯೊಡತಿ ಕೊಡೆ ಹಿಡಿದ್ರೆ ಮಾತ್ರ ತಿಂಡಿ ಒದ್ದೆಯಾಗ್ತಿರಲಿಲ್ಲ.

ಶಾಲೆ ತೆರೆಯೋ ಮೊದಲು ಒಂದು ತಿಂಗಳು ಬೂಕರ್ ಹೇಸರಗತ್ತೆ ಗಾಡಿಯಲ್ಲಿ ಸುತ್ತಲಿನ ಹಳ್ಳಿಗಳನ್ನ ಸುತ್ತಿದರು. ಜನರ ಮನೆಯಲ್ಲೇ ಉಂಡು, ಅಲ್ಲೇ ಮಲಗಿ. ಆ ಸುತ್ತಾಟದಲ್ಲಿ ಕಂಡದ್ದನ್ನ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನನಗೆ ಅದರಲ್ಲಿ ತುಂಬಾ ಕಾಡಿದ್ದು ಇಎಂಐ ಕಥೆ. ಒಂದೇ ಕೋಣೆಯ ಗುಡಿಸಲು, ಐದು ಜನಕ್ಕೆ ಒಂದೇ ಫೋರ್ಕ್, ಆದ್ರೆ ಮೂಲೆಯಲ್ಲಿ ಕಂತಿನ ಮೇಲೆ ತಗೊಂಡ 60 ಡಾಲರಿನ ಆರ್ಗನ್ ವಾದ್ಯ. ಇನ್ನೊಂದು ಕಡೆ ಅಷ್ಟೇ ಬೆಲೆಯ ಹೊಲಿಗೆ ಯಂತ್ರ, ಅದನ್ನ ಬಳಸೋರು ಯಾರೂ ಇಲ್ಲ. ಮತ್ತೊಂದು ಕಡೆ ದುಬಾರಿ ಗಡಿಯಾರ, ಅದು ನಡೆಯೋದೇ ಇಲ್ಲ, ನಡೆದ್ರೂ ಮನೆಯಲ್ಲಿ ಗಂಟೆ ನೋಡೋಕೆ ಬರೋರಿಲ್ಲ. ಬೂಕರ್ ಇದನ್ನ ಸ್ವಲ್ಪ ಬುದ್ಧಿ ಹೇಳೋ ಧಾಟಿಯಲ್ಲೇ ಬರೀತಾರೆ. ನನಗೆ ಆ ಧಾಟಿ ಅಷ್ಟು ಹಿಡಿಸಲಿಲ್ಲ. ಕೈಗೆ ಕಾಸು ಬರದೇ ವರ್ಷಪೂರ್ತಿ ಸಾಲದ ಲೆಕ್ಕದಲ್ಲೇ ಬದುಕೋ ಮನುಷ್ಯನಿಗೆ ಚೆಂದದ್ದೊಂದು ವಸ್ತು ಕಂತಿನಲ್ಲಿ ಸಿಕ್ಕರೆ ಆಸೆ ಆಗಲ್ವಾ? ಈ ಪಾಡ್‌ಕಾಸ್ಟ್‌ ಕೇಳ್ತಿರೋ ಫೋನನ್ನೇ ಕಂತಿನಲ್ಲಿ ತಗೊಂಡವರು ನಿಮ್ಮಲ್ಲೇ ಎಷ್ಟು ಜನ ಇದ್ದೀರಿ!

ಊರಿಂದ ಒಂದು ಮೈಲಿ ದೂರದಲ್ಲಿ ನೂರು ಎಕರೆಯ ಹಳೇ ತೋಟವೊಂದು ಮಾರಾಟಕ್ಕೆ ಬಂತು. ಗುಲಾಮರನ್ನ ದುಡಿಸಿಕೊಂಡಿದ್ದ ಜಾಗ. ಧಣಿಯ ಬಂಗಲೆ ಸುಟ್ಟುಹೋಗಿತ್ತು, ಉಳಿದದ್ದು ಅಡುಗೆಮನೆ, ಕುದುರೆ ಲಾಯ, ಕೋಳಿಗೂಡು. ಬೆಲೆ 500 ಡಾಲರ್, ಅರ್ಧ ಈಗ, ಅರ್ಧ ಒಂದು ವರ್ಷದೊಳಗೆ. ಬೂಕರ್ ತಾವು ಓದಿದ್ದ ಹ್ಯಾಂಪ್ಟನ್ ಸಂಸ್ಥೆಯ ಖಜಾಂಚಿಗೆ ಕಾಗದ ಬರೆದರು. ಸಂಸ್ಥೆಯ ಹಣ ಕೊಡೋಕೆ ಅಧಿಕಾರ ಇಲ್ಲ ಅಂತ ಹೇಳಿ ಆತ ಸ್ವಂತ ಜೇಬಿಂದ 250 ಸಾಲ ಕೊಟ್ಟ. ಹೀಗೆ ಮೇಷ್ಟ್ರ ಮೊದಲ ಬಂಡವಾಳ ಒಂದು ಕೈಸಾಲ.

ಸಾಲ ತೀರಿಸೋ ಭಾರ ಹೊತ್ತವರು ಒಲಿವಿಯಾ ಡೇವಿಡ್ಸನ್ ಅನ್ನೋ ಶಿಕ್ಷಕಿ. ಇವರ ಹೆಸರು ಕಥೆಗಳಲ್ಲಿ ಅಡಿಟಿಪ್ಪಣಿಯಾಗಿ ಬಂದು ಹೋಗುತ್ತೆ. ನನ್ನ ಕೇಳಿದ್ರೆ ಟಸ್ಕೀಗೀ ಉಳಿದದ್ದೇ ಇವರಿಂದ. ಮನೆಮನೆಗೆ ಹೋಗಿ, ಕಪ್ಪು ಜನ, ಬಿಳಿಯರು ಅನ್ನದೆ ಕೇಕು, ಕೋಳಿ, ರೊಟ್ಟಿ, ಏನು ಕೊಟ್ಟರೆ ಅದನ್ನ ಬೇಡಿ ತಂದು, ಊಟದ ಸಂತರ್ಪಣೆ ಏರ್ಪಡಿಸಿ ಮಾರಿ ಹಣ ಮಾಡಿದರು. ಹಳ್ಳಿಯವರು ಐದು ಸೆಂಟು ಕೊಟ್ಟರು, ಕಾಲು ಡಾಲರ್ ಕೊಟ್ಟರು. ಒಬ್ಬರು ಕೌದಿ ಕೊಟ್ಟರು, ಒಬ್ಬರು ಕಬ್ಬು ತಂದಿಟ್ಟರು. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ, ಬದುಕಿನ ಬಹುಪಾಲು ಗುಲಾಮಳಾಗಿ ಕಳೆದವಳು, ಹರಕು ಬಟ್ಟೆಯಲ್ಲಿ ಕೋಲೂರಿಕೊಂಡು ಬಂದು ಆರು ಮೊಟ್ಟೆ ಕೊಟ್ಟಳು. ಕೂಡಿಟ್ಟುಕೊಂಡಿದ್ದಂತೆ. ಇವನ್ನ ಮಕ್ಕಳ ಓದಿಗೆ ಹಾಕಿ ಅಂದಳಂತೆ. ಆಮೇಲೆ ಲಕ್ಷಗಟ್ಟಲೆ ಡಾಲರ್ ದೇಣಿಗೆ ಕಂಡ ಬೂಕರ್, ಯಾವ ದೇಣಿಗೆಯೂ ಆ ಮೊಟ್ಟೆಗಳಷ್ಟು ತಟ್ಟಲಿಲ್ಲ ಅಂತ ಬರೆದುಕೊಂಡಿದ್ದಾರೆ.

ಒಲಿವಿಯಾ ಉತ್ತರದ ಬಾಸ್ಟನ್‌ವರೆಗೂ ಹೋಗಿ ಶ್ರೀಮಂತರ ಬಾಗಿಲು ತಟ್ಟಿದರು. ಒಮ್ಮೆ ಒಂದು ಮನೆಯಲ್ಲಿ ಕಾರ್ಡು ಕಳಿಸಿ ಕಾಯ್ತಾ ಕೂತಿದ್ದರು. ಮನೆಯೊಡತಿ ಹೊರಗೆ ಬರೋ ಅಷ್ಟರಲ್ಲಿ ಒಲಿವಿಯಾ ಕೂತಲ್ಲೇ ನಿದ್ದೆ ಹೋಗಿದ್ದರು, ಅಷ್ಟು ಸುಸ್ತು. ಮುಂದೆ ಬೂಕರ್‌ರನ್ನ ಮದುವೆಯಾದರು, 1889ರಲ್ಲಿ ತೀರಿಕೊಂಡರು.

ಇಟ್ಟಿಗೆ ಕಥೆಯನ್ನ ಬಿಡೋಕಾಗಲ್ಲ. ಕಟ್ಟಡಕ್ಕೆ ಇಟ್ಟಿಗೆ ಬೇಕು, ಕೊಳ್ಳೋಕೆ ಹಣ ಇಲ್ಲ, ನಾವೇ ಸುಡೋಣ ಅಂತ ತೀರ್ಮಾನಿಸಿದರು. ಮೊಣಕಾಲುದ್ದ ಕೆಸರಲ್ಲಿ ನಿಲ್ಲೋ ಕೆಲಸ. ನಾವು ಓದೋಕೆ ಬಂದಿದ್ದು, ಮಣ್ಣು ತುಳಿಯೋಕಲ್ಲ ಅಂತ ಹೇಳಿ ಕೆಲವು ಹುಡುಗರು ಶಾಲೆಯನ್ನೇ ಬಿಟ್ಟರು. ಸುಮಾರು 25,000 ಇಟ್ಟಿಗೆಯ ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ವಾರವೆಲ್ಲಾ ಉರಿದು ಇನ್ನೇನು ಆಯ್ತು ಅನ್ನೋವಾಗ ನಡುರಾತ್ರಿ ಕುಸಿಯಿತು. ಕೈಯಲ್ಲಿ ಒಂದು ಡಾಲರ್ ಇಲ್ಲ. ಬೂಕರ್ ತಮ್ಮ ಕೈಗಡಿಯಾರವನ್ನ, ಕ್ಷಮಿಸಿ, ಆಗ ಇದ್ದದ್ದು ಜೇಬುಗಡಿಯಾರ, ಅದನ್ನ ಮಾಂಟ್ಗಮರಿ ಊರಿನ ಗಿರವಿ ಅಂಗಡಿಯಲ್ಲಿಟ್ಟು 15 ಡಾಲರ್ ತಂದರು. ನಾಲ್ಕನೇ ಗೂಡು ಚೆನ್ನಾಗಿ ಬೆಂದಿತು. ಗಡಿಯಾರ ಬಿಡಿಸಿಕೊಳ್ಳೋ ಅವಧಿ ಅಷ್ಟರಲ್ಲಿ ಮುಗಿದಿತ್ತು, ಅದು ಹೋದದ್ದು ಹೋಯಿತು. ಮುಂದೆ ಸುತ್ತಲಿನ ಬಿಳಿಯರೇ ಬಂದು ಈ ಶಾಲೆಯಿಂದ ಇಟ್ಟಿಗೆ ಕೊಳ್ಳತೊಡಗಿದರು.

ಇಲ್ಲಿಗೆ ನಿಲ್ಲಿಸಿದ್ರೆ ಇದು ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಆಗೋ ಸ್ಫೂರ್ತಿ ಕಥೆ ಆಗುತ್ತೆ. ದುಡ್ಡು ಬೇಡೋದಕ್ಕೆ ಇನ್ನೊಂದು ಬೆಲೆಯೂ ಇದೆ. 1895ರಲ್ಲಿ ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ಬೂಕರ್ ಒಂದು ಭಾಷಣ ಮಾಡಿದರು. ದುಡಿಮೆಯಲ್ಲಿ ಜೊತೆಗಿರೋಣ, ಸಾಮಾಜಿಕವಾಗಿ ಬೇರೆ ಬೇರೆ ಇದ್ದರೂ ಸರಿ, ಸಮಾನತೆಗಾಗಿ ಈಗಲೇ ಜಗಳ ಬೇಡ ಅನ್ನೋದು ಅದರ ತಿರುಳು. ಬಿಳಿಯರು ಚಪ್ಪಾಳೆ ತಟ್ಟಿದರು, ದೇಣಿಗೆ ಹರಿಯಿತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ 1903ರಲ್ಲಿ ಟಸ್ಕೀಗೀಗೆ 6 ಲಕ್ಷ ಡಾಲರ್ ಕೊಟ್ಟ. ಅದೇ ವರ್ಷ ಕಪ್ಪು ಜನರ ದೊಡ್ಡ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಪುಸ್ತಕ ಬರೆದು ಬೂಕರ್‌ರನ್ನ ಬಲವಾಗಿ ಟೀಕಿಸಿದರು. ಓಟಿನ ಹಕ್ಕು, ನಾಗರಿಕ ಹಕ್ಕು, ಉನ್ನತ ಶಿಕ್ಷಣ ಮೂರನ್ನೂ ಬಿಟ್ಟುಕೊಡಿ ಅಂತ ಈ ಮನುಷ್ಯ ಜನರಿಗೆ ಹೇಳ್ತಿದ್ದಾರೆ ಅನ್ನೋದು ಅವರ ಆಕ್ಷೇಪ.

ಡುಬಾಯ್ಸ್ ಹೇಳಿದ್ದರಲ್ಲಿ ಹುರುಳಿತ್ತು ಅಂತ ನನ್ನ ಅಭಿಪ್ರಾಯ, ಅದಕ್ಕೆ ಅಲಬಾಮಾವೇ ಸಾಕ್ಷಿ. 1901ರಲ್ಲಿ ಆ ರಾಜ್ಯ ಹೊಸ ಸಂವಿಧಾನ ತಂದು ಕಪ್ಪು ಜನರ ಓಟನ್ನ ಹೆಚ್ಚುಕಡಿಮೆ ಪೂರ್ತಿ ಕಿತ್ತುಕೊಂಡಿತು. ಲೂಯಿಸ್ ಆಡಮ್ಸ್ ನೆನಪಿದ್ದಾನಲ್ಲ? ಆ ಎರಡು ಸಾವಿರ ಡಾಲರ್ ಬಂದದ್ದೇ ಓಟಿನಿಂದ. ಈಗ ಓಟೇ ಇಲ್ಲ ಅಂದ್ಮೇಲೆ ಹಳ್ಳಿ ಶಾಲೆಗೆ ದುಡ್ಡು ಕೊಡಿ ಅಂತ ಯಾವ ರಾಜಕಾರಣಿಯ ಕೊರಳಪಟ್ಟಿ ಹಿಡೀತೀರಿ? ತೆರಿಗೆ ಎಲ್ಲರಿಂದಲೂ ವಸೂಲಾಗ್ತಿತ್ತು, ಅದು ಬಿಳಿ ಮಕ್ಕಳ ಶಾಲೆಗೆ ಹರಿದುಹೋಗ್ತಿತ್ತು. ಬೂಕರ್‌ಗೂ ಇದು ಗೊತ್ತಿತ್ತು. ವೇದಿಕೆ ಮೇಲೆ ತಣ್ಣಗಿದ್ದ ಮೇಷ್ಟ್ರು, ಒಳಗೊಳಗೇ ಅಲಬಾಮಾದ ಓಟಿನ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ ಮೊಕದ್ದಮೆಗೆ ಗುಟ್ಟಾಗಿ ಹಣ ಕೊಟ್ಟರು. ವಕೀಲರ ಜೊತೆ ಪತ್ರವ್ಯವಹಾರ ಸಂಕೇತದ ಹೆಸರುಗಳಲ್ಲಿ ನಡೀತಿತ್ತು. 1903ರಲ್ಲಿ ಆ ಮೊಕದ್ದಮೆ ಸೋತಿತು.

ಈಗ ಶಿಕಾಗೋದ ವ್ಯಾಪಾರಿ ಬರ್ತಾರೆ. ಜೂಲಿಯಸ್ ರೋಸನ್‌ವಾಲ್ಡ್, ಜರ್ಮನಿಯಿಂದ ವಲಸೆ ಬಂದ ಯಹೂದಿ ದಂಪತಿಯ ಮಗ, ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥ. ದಪ್ಪ ಕ್ಯಾಟಲಾಗ್ ನೋಡಿ ಕಾಗದ ಹಾಕಿದ್ರೆ ಸಾಮಾನು ಮನೆಗೆ ಬರ್ತಿತ್ತು, ನಮ್ಮ ಆನ್‌ಲೈನ್ ಶಾಪಿಂಗಿನ ಮುತ್ತಜ್ಜ ಅನ್ನಿ. 1911ರಲ್ಲಿ ಬೂಕರ್ ಪರಿಚಯವಾಯಿತು. ಮರುವರ್ಷ ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ ರೋಸನ್‌ವಾಲ್ಡ್ ಟಸ್ಕೀಗೀಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದರಲ್ಲಿ ಹಳ್ಳಿಗಳಲ್ಲಿ ಆರು ಚಿಕ್ಕ ಶಾಲೆ ಕಟ್ಟಿ ನೋಡೋಣವೇ ಅಂತ ಬೂಕರ್ ಕೇಳಿದರು. ಆ ಆರರಲ್ಲಿ ಮೊದಲನೆಯದೇ ಲೋಚಪೋಕ.

ನಿಯಮ ಸರಳ. ಪೂರ್ತಿ ದುಡ್ಡು ಯಾರೂ ಕೊಡೋದಿಲ್ಲ. ಊರಿನ ಜನ ತಮ್ಮ ಪಾಲು ಹಾಕಬೇಕು, ಸರ್ಕಾರದ ಶಾಲಾ ಮಂಡಳಿಯೂ ಕೈಜೋಡಿಸಬೇಕು, ಆಗ ರೋಸನ್‌ವಾಲ್ಡ್ ಪಾಲು ಬರುತ್ತೆ. ಊರಿನ ಪಾಲು ಎತ್ತೋ ಕೆಲಸದಲ್ಲಿ ಮುಂದೆ ನಿಂತವರು ಆಯಾ ಊರಿನ ಶಿಕ್ಷಕಿಯರು ಮತ್ತು ಪಾದ್ರಿಗಳು. ಬುತ್ತಿ ಕಟ್ಟಿ ಹರಾಜು ಹಾಕಿದರು. ಕೋಳಿ, ಹಂದಿ ಸಾಕಿ ಮಾರಿದರು. ಕೆಲವು ಊರಲ್ಲಿ ಶಾಲೆಗೆ ಅಂತಲೇ ಒಂದಿಷ್ಟು ನೆಲ ಬಿಟ್ಟು ಹತ್ತಿ ಬೆಳೆದರು. ನಮ್ಮ ಕಡೆ ಗುಡಿ ಜೀರ್ಣೋದ್ಧಾರಕ್ಕೆ ಊರೆಲ್ಲಾ ಸೇರಿ ವಂತಿಗೆ ಎತ್ತುತ್ತಾರಲ್ಲ, ಆ ಹುರುಪನ್ನ ನೆನೆಸಿಕೊಳ್ಳಿ. ಒಂದು ವ್ಯತ್ಯಾಸ ಏನಂದ್ರೆ, ಇವರಲ್ಲಿ ಬಹಳಷ್ಟು ಜನಕ್ಕೆ ಸ್ವಂತ ಹೊಲವೇ ಇರಲಿಲ್ಲ. ಬೇರೆಯವರ ನೆಲದಲ್ಲಿ ಪಾಲಿಗೆ ದುಡಿಯೋರು. ಅದೇ ವರ್ಷಗಳಲ್ಲಿ ಹತ್ತಿಕಾಯಿ ಕೊರೆಯೋ ಹುಳ ಬಂದು ಅಲಬಾಮಾದ ಬೆಳೆಯನ್ನ ತಿಂದುಹಾಕ್ತಿತ್ತು.

ಅಲಬಾಮಾದ ಇಂಥದ್ದೇ ಒಂದು ಸಭೆಯ ಬಗ್ಗೆ ಶಾಲೆ ಕಟ್ಟಿಸೋ ಉಸ್ತುವಾರಿಯಲ್ಲಿದ್ದ ಅಧಿಕಾರಿಯೊಬ್ಬರ ವರದಿ ಇದೆ. ಗುಲಾಮಗಿರಿ ಕಂಡಿದ್ದ ಮುದುಕನೊಬ್ಬ ಎದ್ದು ಬಂದು, ಜಿಡ್ಡುಗಟ್ಟಿದ ಚೀಲವೊಂದನ್ನ ಮೇಜಿನ ಮೇಲೆ ಸುರಿದ. ಎಲ್ಲಾ ಚಿಲ್ಲರೆ, ನಡುವೆ ಕೆಲವು ಡಾಲರ್. ಎಣಿಸಿದರೆ 38 ಡಾಲರ್. ಅವನ ಜೀವಮಾನದ ಉಳಿತಾಯ ಅಷ್ಟೇ.

ನಾನು ಇಲ್ಲಿ ಸ್ವಲ್ಪ ಕೋಪ ಮಾಡಿಕೊಳ್ತೀನಿ. ಈ ಕಥೆ ಕೇಳಿ ಕಣ್ಣು ಒದ್ದೆಯಾಗೋದು ಸಹಜ. ಆದರೆ ಆ ಮುದುಕ ಜೀವನವೆಲ್ಲಾ ತೆರಿಗೆ ಕೊಟ್ಟವನು. ನೇರವಾಗಿ ಇಲ್ಲದಿದ್ದರೆ ಧಣಿಗೆ ಕೊಟ್ಟ ಗೇಣಿಯ ಮೂಲಕ. ಅವನ ಮೊಮ್ಮಕ್ಕಳ ಶಾಲೆಗೆ ಆಗಲೇ ಹಣ ಸಂದಾಯ ಆಗಿತ್ತು. ಅದನ್ನ ಬೇರೆಯವರ ಮಕ್ಕಳಿಗೆ ಖರ್ಚು ಮಾಡಿ, ನಿಮ್ಮದು ನೀವು ಮತ್ತೆ ತನ್ನಿ ಅಂದರು. ಇತಿಹಾಸಕಾರ ಜೇಮ್ಸ್ ಆಂಡರ್ಸನ್ ಇದನ್ನ ಎರಡು ಸಲ ತೆರಿಗೆ ಅಂತ ಕರೀತಾರೆ. ಕಾಮರ್ಸ್ ಭಾಷೆಯಲ್ಲೂ ಅದಕ್ಕೆ ಬೇರೆ ಹೆಸರಿಲ್ಲ.

ಬೂಕರ್ 1915ರಲ್ಲಿ ತೀರಿಕೊಂಡರು. ಯೋಜನೆ ಬೆಳೀತಾ ಹೋಯಿತು. 1932ಕ್ಕೆ ನಿಂತಾಗ ದಕ್ಷಿಣದ 15 ರಾಜ್ಯಗಳಲ್ಲಿ ಶಾಲೆ, ಶಿಕ್ಷಕರ ಮನೆ, ಕಸುಬು ಕಲಿಸೋ ಕಟ್ಟಡ ಎಲ್ಲಾ ಸೇರಿ 5,357 ಕಟ್ಟಡಗಳು ಎದ್ದಿದ್ದವು. ಒಟ್ಟು ವೆಚ್ಚ 2,84,08,520 ಡಾಲರ್. ಈಗ ದೊಡ್ಡ ಲೆಕ್ಕ ನೋಡಿ. ಸರ್ಕಾರದ ತೆರಿಗೆ ಹಣ 1,81,05,805. ಬಿಳಿಯರ ದೇಣಿಗೆ 12,11,975. ರೋಸನ್‌ವಾಲ್ಡ್ ನಿಧಿ 43,64,869. ಕಪ್ಪು ಜನರ ವಂತಿಗೆ 47,25,871.

ಇನ್ನೊಂದು ಸಲ ಓದ್ತೀನಿ. ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರ ನಿಧಿ 43 ಲಕ್ಷ ಚಿಲ್ಲರೆ, ಪಾಲಿಗೆ ದುಡಿಯೋರ ಕೈ 47 ಲಕ್ಷ ಚಿಲ್ಲರೆ. ಮೂರೂವರೆ ಲಕ್ಷಕ್ಕೂ ಮೇಲೆ ಜಾಸ್ತಿ ಹಾಕಿದ್ದು ಬಡವರು. ಇತಿಹಾಸದಲ್ಲಿ ಇವುಗಳ ಹೆಸರು ಮಾತ್ರ ‘ರೋಸನ್‌ವಾಲ್ಡ್ ಶಾಲೆಗಳು’. ಇದಕ್ಕೆ ಆ ಮನುಷ್ಯನನ್ನ ದೂರೋಕಾಗಲ್ಲ. ಹೆಸರಿನ ಹುಚ್ಚು ಅವರಿಗಿರಲಿಲ್ಲ, ತಮ್ಮ ನಿಧಿ ಶಾಶ್ವತವಾಗಿ ಇರಬಾರದು, ಬಡ್ಡಿ ಜೊತೆ ಅಸಲೂ ಖರ್ಚಾಗಿ ಮುಗಿದುಹೋಗಬೇಕು ಅಂತ ಷರತ್ತು ಹಾಕಿದವರು. ಮುಗಿದೂ ಹೋಯಿತು, 1948ರಲ್ಲಿ.

ಆ ಕಟ್ಟಡಗಳನ್ನ ಚಿತ್ರದಲ್ಲಿ ನೋಡಿ, ಸಾಲು ಸಾಲು ಎತ್ತರದ ಕಿಟಕಿಗಳು. ಹಳ್ಳಿಯಲ್ಲಿ ವಿದ್ಯುತ್ ಇರಲಿಲ್ಲ, ಹಾಗಾಗಿ ಪೂರ್ವ-ಪಶ್ಚಿಮದ ಬೆಳಕು ಬೆಂಚಿನ ಮೇಲೆ ಬೀಳೋ ಹಾಗೆ ನಕ್ಷೆ ಮಾಡಿದ್ದರು. ಅಲಬಾಮಾದ ಪೈಕ್ ಕೌಂಟಿಯ ಇಂಥದ್ದೊಂದು ಶಾಲೆಯಲ್ಲಿ ಜಾನ್ ಲೂಯಿಸ್ ಅನ್ನೋ ಹುಡುಗ ಅಕ್ಷರ ಕಲಿತ. ಬಿಳಿ ಮಕ್ಕಳ ಶಾಲೆಯಲ್ಲಿ ಹರಿದುಹೋದ ಪುಸ್ತಕಗಳು ಅವನ ಶಾಲೆಗೆ ಬರ್ತಿದ್ದವು. ಮುಂದೆ ಬಸ್ಸಿನಲ್ಲಿ ಹೋಗೋ ದೊಡ್ಡ ಶಾಲೆಗೆ ಸೇರಿದ ಮೇಲೆ, ಹತ್ತಿ ಬಿಡಿಸೋ ದಿನಗಳಲ್ಲಿ ಅಪ್ಪ ಹೊಲಕ್ಕೆ ಕರೀತಾರೆ ಅಂತ ಮನೆಯ ಜಗಲಿ ಕೆಳಗೆ ಅಡಗಿ ಕೂತು, ಬಸ್ ಸದ್ದು ಕೇಳಿದ ಕೂಡಲೇ ಓಡಿ ಹತ್ತುತ್ತಿದ್ದ. ಅದೇ ಜಾನ್ ಲೂಯಿಸ್ 1965ರ ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆ ಮೇಲೆ ಪೊಲೀಸರ ಲಾಠಿಗೆ ತಲೆಬುರುಡೆ ಬಿರುಕು ಬಿಡಿಸಿಕೊಂಡ. ಅವನು ಕೇಳ್ತಿದ್ದದ್ದು ಓಟು. ಅಲಬಾಮಾ 1901ರಲ್ಲಿ ಕಿತ್ತುಕೊಂಡ ಅದೇ ಓಟು.

ಕೊನೆಗೆ ಒಂದು ವಿಷಯ ಉಳೀತು, ಜಾಗದ ಹಕ್ಕುಪತ್ರ. ನಿಯಮದಲ್ಲಿ ಇನ್ನೊಂದು ಸಾಲಿತ್ತು: ಜನ ವಂತಿಗೆ ಹಾಕಿ ಕೊಂಡ ಜಾಗ, ಕಟ್ಟಿದ ಕಟ್ಟಡ ಎರಡನ್ನೂ ಸರ್ಕಾರಿ ಶಾಲಾ ಮಂಡಳಿಯ ಹೆಸರಿಗೆ ಬರೆದುಕೊಡಬೇಕು. ಶಾಲೆ ನಡೆಸೋದು ಸರ್ಕಾರದ ಹೊಣೆ ಅಂತ ಕಟ್ಟಿಹಾಕೋಕೆ ಮಾಡಿದ್ದು, ಉದ್ದೇಶ ಒಳ್ಳೆಯದೇ. ಆ ಮಂಡಳಿಗಳಲ್ಲಿ ಕೂತಿದ್ದವರೆಲ್ಲಾ ಬಿಳಿಯರು. 1954ರಲ್ಲಿ ಸುಪ್ರೀಂ ಕೋರ್ಟ್ ಬಣ್ಣದ ಮೇಲೆ ಶಾಲೆ ಬೇರೆ ಮಾಡೋದು ತಪ್ಪು ಅಂತ ತೀರ್ಪು ಕೊಟ್ಟಿತು. ನಂತರದ ವರ್ಷಗಳಲ್ಲಿ ಶಾಲೆಗಳನ್ನ ಒಂದುಗೂಡಿಸುವಾಗ ಬಾಗಿಲು ಹಾಕಿಸಿಕೊಂಡಿದ್ದು ಹೆಚ್ಚಾಗಿ ಕಪ್ಪು ಜನರ ಶಾಲೆಗಳೇ. ಕೆಲವು ಬಿದ್ದುಹೋದವು, ಕೆಲವು ಹುಲ್ಲಿನ ಕಣಜವಾದವು. 2002ರಲ್ಲಿ ಅಮೆರಿಕದ ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಟ್ರಸ್ಟ್ ಇವನ್ನ ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿಸಿತು. ಈಗ ಉಳಿದಿರೋದು ಸುಮಾರು ಹತ್ತರಲ್ಲಿ ಒಂದು. ಅವುಗಳಲ್ಲಿ ಕೆಲವನ್ನ ಹಳೇ ವಿದ್ಯಾರ್ಥಿಗಳು ಮತ್ತೆ ವಂತಿಗೆ ಎತ್ತಿ, ಮಂಡಳಿಯಿಂದಲೇ ದುಡ್ಡು ಕೊಟ್ಟು ವಾಪಸ್ ಕೊಂಡಿದ್ದಾರೆ. ಲೆಕ್ಕ ಇಟ್ಟರೆ ಅದು ಮೂರನೇ ಸಲ.